ಒಪ್ಪಿಗೆ ಯಾರದು?

ರಾತ್ರಿಯ ಊಟವಾಗಿದೆ. ಜಗಲಿಯಲ್ಲಿ ಕವಳದ ಹರಿವಾಣ ಕೈಯಿಂದ ಕೈಗೆ ಸಾಗುತ್ತಿದೆ. ಶಿರಸಿಯಾಗಲಿ, ಸಿದ್ದಾಪುರವಾಗಲಿ, ಯಲ್ಲಾಪುರವಾಗಲಿ, ಅಡಿಕೆ ತೋಟವುಳ್ಳ ಮನೆಗಳ ಜಗಲಿಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: “ಮಾಣಿಗೆ ಮೂವತ್ತೈದಾಯಿತು, ಇನ್ನೂ ಕೂಸು ಸಿಕ್ಕಲಿಲ್ಲ. ಈಗಿನ ಹೆಣ್ಣುಮಕ್ಕಳು ಒಪ್ಪುವುದೇ ಇಲ್ಲ.” ತೋಟವಿದೆ, ಮನೆಯಿದೆ, ಮರ್ಯಾದೆಯಿದೆ; ಆದರೂ ಹುಡುಗಿ ಒಲ್ಲೆನೆನ್ನುತ್ತಾಳೆ. ಹೆಣ್ಣನ್ನು ಹುಡುಕಿಕೊಂಡು ಉತ್ತರ ಭಾರತದವರೆಗೆ ಹೋಗಿಬಂದ ಮನೆಗಳೂ ಉಂಟು.

ಈ ಮಾತನ್ನು ನೀವೂ ಕೇಳಿದ್ದೀರಿ. ಪ್ರಾಯಶಃ ಆಡಿಯೂ ಇದ್ದೀರಿ. ಗಂಡುಮಕ್ಕಳ ತಂದೆತಾಯಿಯರ ಚಿಂತೆ ಸುಳ್ಳಲ್ಲ. ಆದರೆ ಈ ದೂರಿನ ಒಳಗೆ ಒಂದು ಹೊಸ ಸಂಗತಿ ಅಡಗಿದೆ. “ಒಪ್ಪುವುದಿಲ್ಲ” ಎಂದು ದೂರಬೇಕಾದರೆ ಮೊದಲು ಅವಳನ್ನು ಕೇಳಿರಬೇಕಷ್ಟೆ? ನಮ್ಮ ಅಜ್ಜಿಯರ ಮೇಲೆ ಇಂಥ ದೂರು ಬರಲಿಲ್ಲ. ಅವರನ್ನು ಯಾರೂ ಕೇಳಲಿಲ್ಲ.

ಸ್ತ್ರೀವಾದ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಕೆಲವರು ರೇಡಿಯೋದ ಧ್ವನಿಯನ್ನು ಕಡಿಮೆ ಮಾಡುತ್ತಾರೆ. ಹೆದರಬೇಕಾದ ಕಾರಣವಿಲ್ಲ. ಹೆಣ್ಣಿನ ದೇಹದ ವಿಷಯದಲ್ಲಿ ಆ ವಿಚಾರಧಾರೆಯು ಕೇಳುವುದು ಮೂರೇ ಪ್ರಶ್ನೆಗಳನ್ನು. ಇವಳು ಯಾರೊಡನೆ ಬಾಳಬೇಕು? ಗಂಡನೊಡನೆ ಕೂಡುವುದು ಯಾವಾಗ, ಯಾವಾಗ ಬೇಡ? ಮಕ್ಕಳು ಬೇಕೋ ಬೇಡವೋ, ಬೇಕಾದರೆ ಎಷ್ಟು? ಈ ಮೂರಕ್ಕೂ ಉತ್ತರ ಹೇಳತಕ್ಕವರು ಯಾರು? ಮೊದಲನೆಯದಕ್ಕೆ ನಮ್ಮ ಮನೆಗಳು ಈಗ ಹುಡುಗಿಯನ್ನೇ ಕೇಳತೊಡಗಿವೆ. ಉಳಿದ ಎರಡರ ಗತಿಯೇನೆಂಬುದನ್ನು ನೋಡೋಣ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಉತ್ತರ ಕನ್ನಡ ಜಿಲ್ಲೆಯು ೧೮೬೨ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ೧೯೫೬ರ ತನಕ ಅಲ್ಲಿಯೇ ಇತ್ತು. ಹೀಗಾಗಿ ಮುಂಬಯಿ ಹೈಕೋರ್ಟು ಆಡಿದ ಮಾತು ಶಿರಸಿಯ ಮನೆಗೂ ಅನ್ವಯಿಸುತ್ತಿತ್ತು. ಆ ಕೋರ್ಟಿನ ಮುಂದೆ ೧೮೮೪ರಲ್ಲಿ ಒಂದು ದಾವೆ ಬಂತು. ರಖಮಾಬಾಯಿ ಎಂಬವಳಿಗೆ ಹನ್ನೊಂದನೆಯ ವಯಸ್ಸಿನಲ್ಲಿ ದಾದಾಜಿ ಭಿಕಾಜಿ ಎಂಬವನೊಡನೆ ಮದುವೆಯಾಗಿತ್ತು. ಆಕೆ ತವರಿನಲ್ಲಿಯೇ ಬೆಳೆದಳು, ಓದಿದಳು. ಇಪ್ಪತ್ತರ ಹೊತ್ತಿಗೆ ಗಂಡನು ಆಕೆ ತನ್ನ ಮನೆಗೆ ಬರಬೇಕೆಂದು ಕೋರ್ಟಿಗೆ ಹೋದನು. ಬುದ್ಧಿ ಬಲಿಯುವ ಮೊದಲೇ, ತನ್ನನ್ನು ಕೇಳದೆ ಆದ ಮದುವೆಗೆ ತಾನು ಬದ್ಧಳಲ್ಲವೆಂದು ಆಕೆ ಹೇಳಿದಳು.

೧೮೮೫ರಲ್ಲಿ ನ್ಯಾಯಮೂರ್ತಿ ಪಿನ್ಹೆಯವರು ಆಕೆಯ ಪರವಾಗಿ ತೀರ್ಪಿತ್ತರು. ಮೇಲ್ಮನವಿಯಲ್ಲಿ ಅದು ನಿಲ್ಲಲಿಲ್ಲ. ೧೮೮೭ರಲ್ಲಿ, ಗಂಡನ ಮನೆಗೆ ಹೋಗು, ಇಲ್ಲವೇ ಆರು ತಿಂಗಳು ಸೆರೆಮನೆಗೆ ಹೋಗು ಎಂಬ ಸ್ಥಿತಿ ಬಂತು. ಸೆರೆಮನೆಯೇ ಆಗಲಿ ಎಂದಳು ರಖಮಾಬಾಯಿ. ಇಡೀ ದೇಶದಲ್ಲಿ ಗದ್ದಲವಾಯಿತು. ಲೋಕಮಾನ್ಯ ತಿಲಕರಂಥವರೂ ಆಕೆಯ ವಿರುದ್ಧವೇ ಬರೆದರು. ಕೊನೆಗೆ ೧೮೮೮ರಲ್ಲಿ ಎರಡು ಸಾವಿರ ರೂಪಾಯಿಗೆ ರಾಜಿಯಾಯಿತು. ಆಕೆ ಲಂಡನ್ನಿಗೆ ಹೋಗಿ ವೈದ್ಯವಿದ್ಯೆಯನ್ನು ಕಲಿತು ಬಂದು, ಸೂರತ್ ಮತ್ತು ರಾಜಕೋಟಗಳಲ್ಲಿ ದಶಕಗಳ ಕಾಲ ಹೆಂಗಸರ ಶುಶ್ರೂಷೆ ಮಾಡಿ, ೧೯೫೫ರಲ್ಲಿ ತೀರಿಕೊಂಡಳು.

ಇದೇ ಹೊತ್ತಿಗೆ ಬಂಗಾಳದಿಂದ ಇನ್ನೊಂದು ಘೋರ ಸುದ್ದಿ ಬಂತು. ೧೮೮೯ರಲ್ಲಿ ಫೂಲಮಣಿ ದಾಸಿ ಎಂಬ ಹತ್ತು ಹನ್ನೊಂದು ವರ್ಷದ ಹುಡುಗಿ ಗಂಡನ ಬಲಾತ್ಕಾರದ ಸಮಾಗಮದಿಂದ ಸತ್ತುಹೋದಳು. ೧೮೬೦ರ ದಂಡಸಂಹಿತೆಯಲ್ಲಿ ಹುಡುಗಿಯ ಸಮ್ಮತಿಯ ವಯಸ್ಸು ಹತ್ತು. ೧೮೯೧ರಲ್ಲಿ ಅದನ್ನು ಹನ್ನೆರಡಕ್ಕೆ ಏರಿಸುವ ಕಾಯಿದೆಯಾದಾಗ ಧರ್ಮವೇ ಮುಳುಗಿತೆಂದವರು ಅನೇಕರು. ಹತ್ತರಿಂದ ಹನ್ನೆರಡು! ಅಷ್ಟು ಚಿಕ್ಕ ಹೆಜ್ಜೆಗೆ ಅಷ್ಟು ದೊಡ್ಡ ಕೋಲಾಹಲ. ೧೯೨೯ರ ಶಾರದಾ ಕಾಯಿದೆಯು ಹುಡುಗಿಯ ಮದುವೆಯ ವಯಸ್ಸನ್ನು ಹದಿನಾಲ್ಕಕ್ಕೆ ತಂದಿತು; ೧೯೭೮ರಲ್ಲಿ ಅದು ಹದಿನೆಂಟಾಯಿತು. ಈಗ ಕರ್ನಾಟಕದಲ್ಲಿ ಬಾಲ್ಯವಿವಾಹವು ಆದ ಕ್ಷಣದಿಂದಲೇ ಅಸಿಂಧು. ೨೦೧೬ರ ರಾಜ್ಯ ತಿದ್ದುಪಡಿ ಹಾಗೆ ಹೇಳುತ್ತದೆ.

ಆ ಕಾಲದ ನಮ್ಮ ಮನೆಗಳ ಒಳಗೆ ಏನಿತ್ತು? ಹತ್ತರೊಳಗೆ ಮದುವೆ, ಗಂಡ ಸತ್ತರೆ, ಆ ಕೂಸು ಅವನ ಮುಖವನ್ನು ಸರಿಯಾಗಿ ನೋಡಿರದಿದ್ದರೂ, ಮೈನೆರೆದ ಮೇಲೆ ತಲೆ ಬೋಳಿಸಿ ಕೆಂಪು ಸೀರೆ ಉಡಿಸುವುದು. ಇದು ಎಲ್ಲರ ಪದ್ಧತಿಯಲ್ಲ, ಮೇಲುಜಾತಿಯ ಮನೆಗಳದ್ದು. ದುಡಿದು ಉಣ್ಣುವ ಅನೇಕ ಸಮುದಾಯಗಳಲ್ಲಿ ವಿಧವೆಗೆ ಮರುಮದುವೆ ಇತ್ತು. ಶಾಸ್ತ್ರ ಬಲ್ಲೆವೆಂದವರ ಮನೆಯಲ್ಲಿಯೇ ಹೆಣ್ಣಿನ ತಲೆಗೂದಲಿಗೂ ಅವಳು ಒಡತಿಯಾಗಿರಲಿಲ್ಲ. ಎಂ. ಕೆ. ಇಂದಿರಾ ಅವರ “ಫಣಿಯಮ್ಮ”ವನ್ನು ಓದಿದವರಿಗೆ, ಅದರ ಚಲನಚಿತ್ರವನ್ನು ಕಂಡವರಿಗೆ, ಇದನ್ನು ವಿವರಿಸಬೇಕಾಗಿಲ್ಲ.

ಇಂಥ ಮನೆಗಳಿಂದಲೇ ಹೊರಬಂದ ಹೆಂಗಸರು ೧೯೩೨ರಲ್ಲಿ ಏನು ಮಾಡಿದರೆಂಬುದನ್ನು ನಾವು ಮರೆಯಬಾರದು. ಕರನಿರಾಕರಣೆಯ ಚಳವಳಿಯಲ್ಲಿ ಸಿದ್ದಾಪುರದ ರೈತರ ಆಸ್ತಿ ಜಪ್ತಿಯಾಯಿತು. ಜಪ್ತಿಯಾದುದನ್ನು ಕೊಂಡವರ ಮನೆಯ ಮುಂದೆ ಮಾವಿನಗುಂಡಿಯಲ್ಲಿ ಹೆಂಗಸರು ಉಪವಾಸ ಕೂತರು. ಹಸಿವನ್ನು ಆಯುಧವಾಗಿ ಹಿಡಿದ ಆ ತಾಯಂದಿರು, ನಮ್ಮ ದೇಹದಿಂದ ಏನು ಮಾಡಬೇಕೆಂಬುದನ್ನು ನಾವೇ ತೀರ್ಮಾನಿಸುತ್ತೇವೆಂದು ಸರಕಾರಕ್ಕೆ ತೋರಿಸಿದರು. ದೇಶ ಅವರನ್ನು ಕೊಂಡಾಡಿತು. ಆದರೆ ಮನೆಗೆ ಮರಳಿದ ಮೇಲೆ, ಎಷ್ಟು ಬಸಿರು, ಎಷ್ಟು ಬಾಣಂತನ ಎಂಬ ವಿಷಯದಲ್ಲಿ ಅವರ ಮಾತನ್ನು ಕೇಳಿದ ಮನೆಗಳು ಎಷ್ಟಿದ್ದಾವು?

ಆ ಮಾತನ್ನು ಕನ್ನಡದಲ್ಲಿ ನಾಚಿಕೆಯಿಲ್ಲದೆ, ಆದರೆ ಗೌರವದಿಂದ ಆಡಿದವರು ಡಾಕ್ಟರ್ ಅನುಪಮಾ ನಿರಂಜನ. ತೀರ್ಥಹಳ್ಳಿಯ ಸೀಮೆಯಲ್ಲಿ ಹುಟ್ಟಿ, ಧಾರವಾಡದಲ್ಲಿಯೂ ಬೆಂಗಳೂರಿನಲ್ಲಿಯೂ ವೈದ್ಯರಾಗಿದ್ದ ಅವರು “ದಾಂಪತ್ಯ ದೀಪಿಕೆ”, “ವಧುವಿಗೆ ಕಿವಿಮಾತು”, “ತಾಯಿ-ಮಗು” ಎಂಬ ಪುಸ್ತಕಗಳನ್ನು ಬರೆದರು. ಅವರ ಕಾದಂಬರಿ “ಮಾಧವಿ”ಯ ಕಥೆ ನಿಮಗೆ ಭಾರತದಿಂದ ಗೊತ್ತಿರುವುದೇ. ಗಾಲವನ ಗುರುದಕ್ಷಿಣೆಗೆ ಎಂಟುನೂರು ಕುದುರೆ ಬೇಕು. ಯಯಾತಿಯ ಬಳಿ ಕುದುರೆಯಿಲ್ಲ, ಮಗಳಿದ್ದಾಳೆ, ಕೊಟ್ಟುಬಿಟ್ಟ. ಇನ್ನೂರಿನ್ನೂರು ಕುದುರೆಗಳಿಗಾಗಿ ಆಕೆ ಒಬ್ಬೊಬ್ಬ ರಾಜನಿಗೆ ಒಂದೊಂದು ಮಗುವನ್ನು ಹೆತ್ತುಕೊಟ್ಟಳು, ಕಡೆಗೆ ಗುರುವಿಗೂ. ಇಷ್ಟಾದ ಮೇಲೆ ತಂದೆ ಸ್ವಯಂವರ ಏರ್ಪಡಿಸಿದಾಗ ಮಾಧವಿ ನೆರೆದ ರಾಜರನ್ನೆಲ್ಲ ದಾಟಿ ಅಡವಿಯನ್ನು ವರಿಸಿದಳು. ಹೆಣ್ಣನ್ನು ಮೊಟ್ಟಮೊದಲ ಬಾರಿಗೆ ಕೇಳಿದಾಗ ಬಂದ ಉತ್ತರವದು.

ಈಗ ನಮ್ಮ ಮೂರನೆಯ ಪ್ರಶ್ನೆಗೆ ಬರೋಣ. ಮಕ್ಕಳ ವಿಷಯದಲ್ಲಿ ಇಂದಿನ ಕಾಯಿದೆಯು ನಮ್ಮಲ್ಲಿ ಅನೇಕರು ತಿಳಿದಿರುವುದಕ್ಕಿಂತ ಮುಂದಿದೆ. ೧೯೭೧ರ ವೈದ್ಯಕೀಯ ಗರ್ಭಪಾತ ಕಾಯಿದೆಯ ಪ್ರಕಾರ ಹದಿನೆಂಟು ತುಂಬಿದ, ಸ್ವಸ್ಥ ಬುದ್ಧಿಯ ಹೆಂಗಸಿನ ಒಪ್ಪಿಗೆಯೊಂದೇ ಸಾಕು. ಗಂಡನ ಸಹಿ ಬೇಕಿಲ್ಲ, ಅತ್ತೆಯದಂತೂ ಬೇಡವೇ ಬೇಡ. ಕಾಯಿದೆ ಹೇಳುವ ಕಾರಣಗಳಿರಬೇಕು, ಅದನ್ನು ವೈದ್ಯರು ಒಪ್ಪಬೇಕು, ಮಾನ್ಯತೆಯುಳ್ಳ ಆಸ್ಪತ್ರೆಯಲ್ಲಿ ಆಗಬೇಕು. ೨೦೨೧ರ ತಿದ್ದುಪಡಿಯಂತೆ ಇಪ್ಪತ್ತು ವಾರಗಳ ತನಕ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಕೆಲವು ವರ್ಗದ ಸ್ತ್ರೀಯರಿಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಇಪ್ಪತ್ತನಾಲ್ಕು ವಾರಗಳ ತನಕ ಅವಕಾಶವಿದೆ. ಅವಳ ಹೆಸರನ್ನು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ. ೨೦೨೨ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು, ಮದುವೆಯಾಗದವಳಿಗೂ ಈ ಹಕ್ಕು ಸಮಾನವೆಂದಿತು. ಮಕ್ಕಳಾಗದ ಶಸ್ತ್ರಕ್ರಿಯೆಗೂ ಸರಕಾರದ ನಿಯಮದಂತೆ ಸಂಗಾತಿಯ ಒಪ್ಪಿಗೆ ಅಗತ್ಯವಿಲ್ಲ.

ಆದರೆ ಕಾಗದದ ಮೇಲಿನ ಹಕ್ಕು ಬೇರೆ, ನಡೆಯುವ ರೀತಿ ಬೇರೆ. “ಯಜಮಾನರನ್ನು ಕರೆದುಕೊಂಡು ಬನ್ನಿ” ಎಂಬ ಮಾತನ್ನು ಎಷ್ಟು ಹೆಂಗಸರು ಕೇಳಿಲ್ಲ! ಇನ್ನೊಂದು ಲೆಕ್ಕವನ್ನೂ ನೋಡಿ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ ಐವತ್ತಕ್ಕಿಂತ ಹೆಚ್ಚು ಮಂದಿ ಸಂತಾನಹರಣದ ಶಸ್ತ್ರಕ್ರಿಯೆಯನ್ನು ಮಾಡಿಸಿಕೊಂಡವರು. ಗಂಡಸರ ಸಂಖ್ಯೆ ಸೊನ್ನೆಯ ಸಮೀಪ. ವೈದ್ಯಶಾಸ್ತ್ರದ ಪ್ರಕಾರ ಗಂಡಸಿನ ಶಸ್ತ್ರಕ್ರಿಯೆಯೇ ಸುಲಭವಾದದ್ದು, ಅಪಾಯ ಕಡಿಮೆಯಾದದ್ದು. “ಅವರು ಭಾರ ಎತ್ತುವವರು, ನಿಶ್ಶಕ್ತಿಯಾದೀತು” ಎಂಬುದು ಬರಿಯ ನಂಬಿಕೆ. ಮೂರು ಹೆರಿಗೆಯಾದ ಮೈಯ ಮೇಲೆಯೇ ನಾಲ್ಕನೆಯ ಭಾರವನ್ನೂ ಹೊರಿಸುವಾಗ ಯಾರ ಒಪ್ಪಿಗೆಯನ್ನು ಕೇಳಿದೆವು?

ಉಳಿದದ್ದು ಎರಡನೆಯ ಪ್ರಶ್ನೆ, ಎಲ್ಲಕ್ಕಿಂತ ಕಠಿಣವಾದದ್ದು. ಹದಿನೇಳನೆಯ ಶತಮಾನದ ಇಂಗ್ಲಿಷ್ ನ್ಯಾಯಾಧೀಶ ಮ್ಯಾಥ್ಯೂ ಹೇಲ್ ಎಂಬವನ ಮತದಲ್ಲಿ, ಹೆಂಡತಿ ಮದುವೆಯ ದಿನವೇ ತನ್ನನ್ನು ಗಂಡನಿಗೆ ಒಪ್ಪಿಸಿಬಿಟ್ಟಿದ್ದಾಳೆ. ಆ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಲಾರಳು. ಆದುದರಿಂದ ಗಂಡನ ಬಲಾತ್ಕಾರವು ಅತ್ಯಾಚಾರವಾಗದು. ಇಂಗ್ಲೆಂಡು ೧೯೯೧ರಲ್ಲಿ ಈ ಮತವನ್ನು ಕೈಬಿಟ್ಟಿತು. ನಾವು ಇನ್ನೂ ಬಿಟ್ಟಿಲ್ಲ. ೨೦೧೩ರಲ್ಲಿ ನ್ಯಾಯಮೂರ್ತಿ ವರ್ಮಾ ಸಮಿತಿಯು ಬಿಡಿರೆಂದಿತು, ಸಂಸತ್ತು ಒಪ್ಪಲಿಲ್ಲ. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೬೩ನೆಯ ಕಲಮಿನಲ್ಲಿಯೂ ಹದಿನೆಂಟು ಮೀರಿದ ಹೆಂಡತಿಯ ಮಟ್ಟಿಗೆ ಆ ವಿನಾಯಿತಿ ಉಳಿದುಕೊಂಡಿದೆ.

ಕರ್ನಾಟಕದ ಪಾತ್ರ ಇಲ್ಲಿ ಸಣ್ಣದಲ್ಲ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ೨೦೧೭ರಲ್ಲಿ ಸುಪ್ರೀಂ ಕೋರ್ಟು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ತನ್ನ ದೇಹದ ಮೇಲಿನ ಅಧಿಕಾರವೂ ಅದರಲ್ಲಿ ಸೇರಿದೆ. ೨೦೨೨ರ ಮಾರ್ಚಿನಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು, ಹೆಂಡತಿಯ ಮೇಲೆ ಬಲಾತ್ಕಾರವೆಸಗಿದನೆಂಬ ಆರೋಪವುಳ್ಳ ಗಂಡನು ವಿಚಾರಣೆಯನ್ನು ಎದುರಿಸಲೇಬೇಕೆಂದರು. ಸುಪ್ರೀಂ ಕೋರ್ಟು ಅದಕ್ಕೆ ತಡೆಯಿತ್ತು. ಮೂಲಪ್ರಶ್ನೆ ಅದರ ಮುಂದೆ ಹೋಯಿತು.

“ಕೋಣೆಯ ಮಾತು ಕೋರ್ಟಿಗೆ ಹೋದರೆ ಸಂಸಾರ ಉಳಿದೀತೇ?” ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಇದೇ ಸಂಸಾರವನ್ನು ಉಳಿಸಲೆಂದು ಕೋರ್ಟು ಹೆಣ್ಣನ್ನು ಗಂಡನ ಮನೆಗೆ ಅಟ್ಟಿದಾಗ ಯಾರೂ ಹಾಗೆ ಕೇಳಲಿಲ್ಲ. ರಖಮಾಬಾಯಿಯ ಮೇಲೆ ಹೂಡಿದಂಥ ದಾವೆಗೆ, ಆಕೆ ತೀರಿಕೊಂಡ ೧೯೫೫ರಲ್ಲಿಯೇ ಬಂದ ಹಿಂದೂ ವಿವಾಹ ಕಾಯಿದೆಯ ೯ನೆಯ ಕಲಮಿನಲ್ಲಿ ಇಂದಿಗೂ ಜಾಗವಿದೆ. ಗಂಡಹೆಂಡಿರಿಬ್ಬರೂ ಅದನ್ನು ಹೂಡಬಹುದು, ಸೆರೆಮನೆಯ ಶಿಕ್ಷೆ ಮಾತ್ರ ಈಗಿಲ್ಲ. ಕಾಯಿದೆಯು ಮನೆಯೊಳಗೆ ಎಂದೂ ಬಾರದೆ ಇರಲಿಲ್ಲ. ಯಾರ ಪರವಾಗಿ ಬಂತೆಂಬುದಷ್ಟೇ ಪ್ರಶ್ನೆ. ಅಂದ ಹಾಗೆ, ೨೦೦೫ರ ಕೌಟುಂಬಿಕ ಹಿಂಸೆಯ ಕಾಯಿದೆಯು ಲೈಂಗಿಕ ಹಿಂಸೆಯನ್ನೂ ಹಿಂಸೆಯೆಂದೇ ಎಣಿಸುತ್ತದೆ. ಅದರಡಿಯಲ್ಲಿ ಹೆಂಡತಿ ರಕ್ಷಣೆಯ ಆದೇಶವನ್ನು ಪಡೆಯಬಹುದು. ಸಹಾಯಕ್ಕೆ ೧೮೧ ಎಂಬ ದೂರವಾಣಿ ಇದೆ. ಈ ಸಂಖ್ಯೆಯನ್ನು ಮನೆಯ ಹೆಣ್ಣುಮಕ್ಕಳಿಗೆ ತಿಳಿಸಿಟ್ಟರೆ ಯಾವ ಸಂಸಾರವೂ ಒಡೆಯುವುದಿಲ್ಲ.

ಸುಪ್ರೀಂ ಕೋರ್ಟು ಏನೇ ಹೇಳಲಿ, ನಮ್ಮ ಮನೆಗಳು ಅದಕ್ಕಾಗಿ ಕಾಯಬೇಕಾಗಿಲ್ಲ. ಮಗನ ಮದುವೆ ನಿಶ್ಚಯವಾದಾಗ ಚಪ್ಪರ, ಅಡುಗೆ, ಉಡುಗೊರೆಗಳ ಮಾತು ವಾರಗಟ್ಟಲೆ ನಡೆಯುತ್ತದೆ. ಬರುವವಳಿಗೆ ದಣಿವಿರುತ್ತದೆ, ನೋವಿರುತ್ತದೆ, ಒಲ್ಲೆನೆನ್ನುವ ದಿನವಿರುತ್ತದೆ, ಆ ದಿನ ಅವಳ ಮಾತೇ ಕೊನೆಯದು ಎಂದು ಮಗನಿಗೆ ಹೇಳುವ ತಂದೆ ನಮ್ಮಲ್ಲಿ ಎಷ್ಟು ಜನ? ಆ ಹತ್ತು ನಿಮಿಷದ ಮಾತಿಗೆ ಖರ್ಚಿಲ್ಲ. ಸೊಸೆಗೂ, “ವರ್ಷದೊಳಗೆ ತೊಟ್ಟಿಲು ತೂಗಬೇಕು” ಎನ್ನುವ ಬದಲು, “ನಿಮಗೆ ಬೇಕೆನಿಸಿದಾಗ” ಎಂದರೆ ಅತ್ತೆಯ ದೊಡ್ಡತನ ಕುಗ್ಗುವುದಿಲ್ಲ.

ಮತ್ತೆ ಜಗಲಿಗೆ ಬರೋಣ. ಹುಡುಗಿ ಒಲ್ಲೆನೆಂದಳೆಂದು ಕೊರಗುವ ಹಿರಿಯರು ಒಂದು ಕೆಲಸ ಮಾಡಬಹುದು. ಏಕೆ ಒಲ್ಲೆ ಎಂದು ಒಬ್ಬಳನ್ನಾದರೂ ಹತ್ತಿರ ಕೂಡಿಸಿಕೊಂಡು ಕೇಳಬಹುದು. ಅವಳು ಹಳ್ಳಿಯೆಂದಾಳು, ಕೊಟ್ಟಿಗೆಯೆಂದಾಳು, ಕೆಲಸದ ಮಾತೆತ್ತಿಯಾಳು. ಇನ್ನೂ ಸ್ವಲ್ಪ ತಾಳ್ಮೆಯಿಂದ ಕಾದರೆ ಮತ್ತೊಂದನ್ನೂ ಹೇಳಿಯಾಳು: ಆ ಮನೆಯಲ್ಲಿ ಒಮ್ಮೆ ಹೂಂ ಎಂದ ಮೇಲೆ, ತನ್ನನ್ನು ಮತ್ತೆ ಯಾರೂ ಏನನ್ನೂ ಕೇಳುವುದಿಲ್ಲವೆಂದು.