ಆಯಿಯ ಪೆನ್ಶನ್ ಮತ್ತು ಖಾಲಿ ಬಿಟ್ಟ ಒಂದು ಜಾಗ

2024ರ ಗಣಪತಿ ಹಬ್ಬಕ್ಕೆ ಗುಡಗೇರಿಗೆ ಹೋದಾಗ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಪಾಸ್‌ಬುಕ್ ಹಿಡಿದುಕೊಂಡೇ ಕೂತಿದ್ದಳು. "ತಮ್ಮಾ, ಈ ಸಲ ರೊಕ್ಕ ಜಾಸ್ತಿ ಬಂದೈತಿ. ಯಾರದರ ತಪ್ಪಿ ನನ್ನ ಖಾತೆಕ್ಕ ಬಿದ್ದೈತೇನೋ? ನಾ ಮುಟ್ಟಿಲ್ಲ ನೋಡು."

ಅಜ್ಜ ಕನ್ನಡ ಸಾಲಿ ಮಾಸ್ತರರಾಗಿದ್ದರು. ಅವರು ಹೋದ ಮೇಲೆ ಆಯಿಗೆ ಕುಟುಂಬ ಪಿಂಚಣಿ ಬರುತ್ತದೆ. ಬಂದದ್ದು ಅವಳದೇ ರೊಕ್ಕ. ಕೆ. ಸುಧಾಕರ ರಾವ್ ಅಧ್ಯಕ್ಷತೆಯ ಏಳನೇ ರಾಜ್ಯ ವೇತನ ಆಯೋಗದ ಶಿಫಾರಸಿನ ಮೇಲೆ 2024ರ ಆಗಸ್ಟ್ 1ರಿಂದ ಪಿಂಚಣಿ ಹೆಚ್ಚಾಗಿತ್ತು.

ಲೆಕ್ಕ ಸರಳ. ಹಳೆಯ ಮೂಲ ಪಿಂಚಣಿಗೆ ಶೇ 31 ತುಟ್ಟಿಭತ್ಯೆ, ಶೇ 27.5 ಫಿಟ್‌ಮೆಂಟ್ ಸೇರಿಸಬೇಕು. 10,000 ಇದ್ದದ್ದು 15,850 ಆಗುತ್ತದೆ. ಕನಿಷ್ಠ ಪಿಂಚಣಿ 8,500ರಿಂದ 13,500 ಆಯಿತು. ಹಾಗಂತ ಕೈಗೆ ಬರುವ ಹಣ ಅಷ್ಟೇನೂ ಏರುವುದಿಲ್ಲ. ಆ ಶೇ 31 ತುಟ್ಟಿಭತ್ಯೆಯಾಗಿ ಮೊದಲೇ ಬರುತ್ತಿತ್ತು. ಆದರೆ ಮುಂದಿನ ತುಟ್ಟಿಭತ್ಯೆ ದೊಡ್ಡದಾದ ಮೂಲದ ಮೇಲೆ ಸಿಗುತ್ತದೆ. ನಿಜವಾದ ಲಾಭ ಅಲ್ಲಿದೆ.

ಇಷ್ಟು ಹೇಳಿ ಮುಗಿಸುವಾಗ ಇನ್ನೊಂದು ನೆನಪಾಯಿತು. 80 ವರ್ಷ ತುಂಬಿದವರಿಗೆ ಮೂಲ ಪಿಂಚಣಿಯ ಶೇ 20 ಹೆಚ್ಚುವರಿ ಸಿಗಬೇಕು. 85ಕ್ಕೆ ಶೇ 30, 90ಕ್ಕೆ ಶೇ 40, 95ಕ್ಕೆ ಶೇ 50, ನೂರು ತುಂಬಿದರೆ ಪೂರ್ತಿ ಇನ್ನೊಂದು ಪಿಂಚಣಿ. ಕುಟುಂಬ ಪಿಂಚಣಿಗೂ ಇದು ಅನ್ವಯ. ಆಯಿಗೆ 82. ಪಾಸ್‌ಬುಕ್ಕಿನಲ್ಲಿ ಮಾತ್ರ ಅದರ ಸುಳಿವೇ ಇಲ್ಲ.

ಟ್ರಂಕಿನಿಂದ ಪಿಪಿಒ, ಅಂದರೆ ಪಿಂಚಣಿ ಪಾವತಿ ಆದೇಶ, ತೆಗೆದು ನೋಡಿದೆ. ಅಜ್ಜನ ಹುಟ್ಟಿದ ದಿನಾಂಕ ಇತ್ತು. ಆಯಿಯ ಹೆಸರಿತ್ತು, ದಿನಾಂಕದ ಜಾಗ ಖಾಲಿ. ವೇತನ ಆಯೋಗದ ಹೆಚ್ಚಳ ತಾನಾಗೇ ಬಂತು. ವಯಸ್ಸಿನ ಹೆಚ್ಚಳ ಬರಬೇಕಾದರೆ ವಯಸ್ಸು ದಾಖಲೆಯಲ್ಲಿ ಇರಬೇಕಲ್ಲ! ಕನಿಷ್ಠ 13,500 ಹಿಡಿದರೂ ತಿಂಗಳಿಗೆ 2,700 ರೂಪಾಯಿ. ಅಷ್ಟರಲ್ಲಿ ಆಯಿಯ ಬಿ.ಪಿ., ಶುಗರ್ ಗುಳಿಗೆ ಬರುತ್ತವೆ.

ಹುಟ್ಟಿದ ದಿನ ಕೇಳಿದರೆ "ಕಾರಹುಣ್ಣಿಮಿ ಮರುದಿನ" ಅಂದಳು. ಆಧಾರ್‌ನಲ್ಲಿ ಜನವರಿ 1. ಆಮೇಲೆ ನಕ್ಕು, "ನಿಮ್ಮಜ್ಜ ಊರ ಹುಡುಗರದ್ದೆಲ್ಲಾ ಹುಟ್ಟಿದ ತಾರೀಖು ಬರದ್ರು. ನಂದೊಂದು ಬರೀಲಿಲ್ಲ" ಅಂದಳು.

ಪಿಪಿಒ ಪ್ರತಿ, ವಯಸ್ಸಿನ ದಾಖಲೆ ಜೋಡಿಸಿ ಪಿಂಚಣಿ ಬರುವ ಬ್ಯಾಂಕಿಗೆ ಅರ್ಜಿ ಕೊಟ್ಟು, ಸ್ವೀಕೃತಿ ಪಡೆದು ಬಂದೆವು.

ನಿಮ್ಮ ಮನೆಯಲ್ಲೂ ನಿವೃತ್ತ ಮಾಸ್ತರರೋ, ಅಕ್ಕೋರೋ, ಅವರನ್ನು ಕಳೆದುಕೊಂಡ ಅಜ್ಜಿಯೋ ಇದ್ದರೆ, ಮುಂದಿನ ಸಲ ಊರಿಗೆ ಹೋದಾಗ ಪಿಪಿಒ ಒಮ್ಮೆ ತೆಗೆದು ನೋಡಿ. ಫೋಟೋ ಹೊಡೆದು ಇಟ್ಟುಕೊಳ್ಳಿ. 80 ತುಂಬುವ ಮೊದಲೇ ಆ ಖಾಲಿ ಜಾಗ ತುಂಬಿಸಿ. ಅವರಾಗಿ ಕೇಳುವುದಿಲ್ಲ; ಜಾಸ್ತಿ ಬಂದರೂ ಯಾರದೋ ರೊಕ್ಕ ಅಂತ ಮುಟ್ಟದೇ ಇಡುವ ಜನ ಅವರು.