ಕಿಡ್ನಿ ಕಲ್ಲು ಒಂದೇ, ಸಲಹೆ ಮಾತ್ರ ಎರಡು ಯಾಕೆ?

ಆಟೊ ಓಡಿಸುವ ನನ್ನ ಚಿಕ್ಕಪ್ಪನ ಎಡ ಕಿಡ್ನಿಯಲ್ಲಿ 9 ಮಿಲಿಮೀಟರ್ ಕಲ್ಲು. ಒಂದು ಆಸ್ಪತ್ರೆಯಲ್ಲಿ 'ಶಾಕ್ ಕೊಟ್ಟು ಪುಡಿ ಮಾಡೋಣ' ಅಂದರು. ಇನ್ನೊಂದರಲ್ಲಿ 'ಲೇಸರ್ ಬಿಟ್ಟರೆ ದಾರಿಯೇ ಇಲ್ಲ' ಅಂದರು. 'ಏನಪ್ಪಾ, ಯಾರನ್ನ ನಂಬೋದು?' ಅಂತ ಚಿಕ್ಕಪ್ಪ ನನ್ನನ್ನು ಕೇಳಿದರು. ಎರಡನೇ ಕಡೆ ಶಾಕ್ ಕೊಡುವ ಯಂತ್ರವೇ ಇಲ್ಲ ಅಂತ ಗೊತ್ತಾಗಿದ್ದು ಆಮೇಲೆ.

ಹೊಟ್ಟೆ ಕೊಯ್ಯದೆ ಕಲ್ಲು ತೆಗೆಯುವ ಮುಖ್ಯ ದಾರಿಗಳು ಮೂರು. 5 ಮಿ.ಮೀ.ಗಿಂತ ಚಿಕ್ಕವು ಹೆಚ್ಚಾಗಿ ತಾವಾಗಿಯೇ ಇಳಿದು ಹೋಗುತ್ತವೆ, ಅವಕ್ಕೆ ಅವಸರ ಬೇಡ. ಆದರೆ ನೋವಿನ ಜೊತೆ ಚಳಿಜ್ವರ ಬಂದರೆ ಅದು ತುರ್ತು. ಆಗ ಕಲ್ಲಿಗಿಂತ ಮೊದಲು ಕಟ್ಟಿಕೊಂಡ ಮೂತ್ರಕ್ಕೆ ದಾರಿ ಮಾಡಬೇಕು.

ಶಾಕ್ ಅಂದರೆ ಕರೆಂಟ್ ಅಲ್ಲ, ಹೊರಗಿನಿಂದ ಬಿಡುವ ಆಘಾತ ತರಂಗ. ಜರ್ಮನಿಯ ವಿಮಾನ ಕಂಪನಿ ಡಾರ್ನಿಯರ್‌ನ ಸಂಶೋಧನೆಯಿಂದ ಹುಟ್ಟಿದ ಈ ಯಂತ್ರವನ್ನು ಮೊದಲು ರೋಗಿಯ ಮೇಲೆ ಬಳಸಿದ್ದು 1980ರಲ್ಲಿ, ಮ್ಯೂನಿಕ್‌ನಲ್ಲಿ. ದೇಹದೊಳಗೆ ಏನೂ ತೂರಿಸುವುದಿಲ್ಲ, ಸಾಮಾನ್ಯವಾಗಿ ಅದೇ ದಿನ ಮನೆಗೆ ಹೋಗಬಹುದು. ಆದರೆ ಚೂರುಗಳು ಮೂತ್ರದಲ್ಲಿ ತಾವೇ ಹೋಗಬೇಕು. ಕಲ್ಲು ಗಟ್ಟಿಯಿದ್ದರೆ, ಕಿಡ್ನಿಯ ತಳಭಾಗದಲ್ಲಿದ್ದರೆ ಫಲ ಕಡಿಮೆ, ಮತ್ತೆ ಮತ್ತೆ ಮಾಡಿಸಬೇಕಾಗಬಹುದು. ಗರ್ಭಿಣಿಯರಿಗೆ ಇದು ಸಲ್ಲದು.

ಎರಡನೆಯದು, ಮೂತ್ರದ ದಾರಿಯಲ್ಲೇ ತೆಳುವಾದ ದುರ್ಬೀನು ಕಳಿಸಿ ಲೇಸರ್‌ನಿಂದ ಕಲ್ಲು ಒಡೆಯುವುದು. ಒಂದೇ ಸಲಕ್ಕೆ ಕೆಲಸ ಮುಗಿಯುವ ಸಾಧ್ಯತೆ ಇಲ್ಲಿ ಹೆಚ್ಚು. ಆದರೆ ಅರಿವಳಿಕೆ ಬೇಕು, ಮುಗಿದ ಮೇಲೆ ಎಷ್ಟೋ ಸಲ ಒಳಗೊಂದು ಸ್ಟೆಂಟ್ ಬಿಡುತ್ತಾರೆ. ಜಾಹೀರಾತಿನಲ್ಲಿ ಈ ಸ್ಟೆಂಟ್ ಕಾಣುವುದಿಲ್ಲ ನೋಡಿ! ಅದು ಇರುವಷ್ಟು ದಿನ ಉರಿ, ಪದೇ ಪದೇ ಮೂತ್ರ, ಕೆಲವೊಮ್ಮೆ ರಕ್ತ. ತೆಗೆಸಲು ಮತ್ತೆ ಬರಬೇಕು. ದಿನಗೂಲಿಯವರಿಗೆ ಅದು ಇನ್ನೊಂದು ರಜೆ, ಇನ್ನೊಂದು ಬಸ್ ಚಾರ್ಜು. ಮರೆತು ತಿಂಗಳುಗಟ್ಟಲೆ ಬಿಟ್ಟರೆ ಸ್ಟೆಂಟಿನ ಮೇಲೇ ಕಲ್ಲು ಕಟ್ಟುತ್ತದೆ. ತೊಡಕಿಲ್ಲದೆ ಮುಗಿದ ಚಿಕಿತ್ಸೆಗೆ ಎಲ್ಲರಿಗೂ ಸ್ಟೆಂಟ್ ಬೇಕಿಲ್ಲ ಅಂತ ಯುರೋಪಿನ ಮೂತ್ರರೋಗ ತಜ್ಞರ ಮಾರ್ಗಸೂಚಿಯೇ ಹೇಳುತ್ತದೆ. ಹಾಗಾಗಿ 'ಯಾಕೆ ಹಾಕ್ತೀರಿ, ಯಾವಾಗ ತೆಗೀತೀರಿ?' ಅಂತ ಕೇಳುವುದು ಅಧಿಕಪ್ರಸಂಗ ಅಲ್ಲ.

2 ಸೆಂಟಿಮೀಟರ್ ದಾಟಿದ ಕಿಡ್ನಿ ಕಲ್ಲಿಗೆ ಬೆನ್ನಿನ ಕಡೆಯಿಂದ ಸಣ್ಣ ರಂಧ್ರ ಮಾಡಿ ತೆಗೆಯುವುದೇ ಮೊದಲ ಆಯ್ಕೆ. ರಕ್ತಸ್ರಾವದ ಅಪಾಯ ಉಳಿದೆರಡಕ್ಕಿಂತ ಜಾಸ್ತಿ, ಆದರೆ ದೊಡ್ಡ ಕಲ್ಲನ್ನು ಪೂರ್ತಿ ತೆಗೆಯಲು ಇದರಷ್ಟು ಪರಿಣಾಮಕಾರಿ ಬೇರೆ ಇಲ್ಲ.

ಅಂದರೆ ನಿರ್ಧಾರ ಆಗಬೇಕಾದ್ದು ಕಲ್ಲಿನ ಅಳತೆ, ಜಾಗ, ಗಟ್ಟಿತನದ ಮೇಲೆ. ಆಗುತ್ತಿರುವುದು ಎಷ್ಟೋ ಕಡೆ ಆಸ್ಪತ್ರೆಯಲ್ಲಿರುವ ಯಂತ್ರದ ಮೇಲೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ. ಯೋಜನೆ ದುಡ್ಡು ಕೊಡುವುದು ಚಿಕಿತ್ಸೆಯ ಹೆಸರಿಗೆ. ಕಳೆದುಹೋದ ಕೂಲಿ ಆ ಲೆಕ್ಕಕ್ಕೆ ಬರುವುದಿಲ್ಲ. ಜಿಲ್ಲಾಸ್ಪತ್ರೆಯಲ್ಲೇ ಮೂರೂ ದಾರಿಗಳಿದ್ದರೆ ಮಾತ್ರ ರೋಗಿಗೆ ಆಯ್ಕೆ ಅನ್ನೋದು ಇರುತ್ತೆ. ನಮ್ಮೂರ ಎಂಎಲ್‌ಎಯನ್ನ ಕೇಳಬೇಕಾದ್ದು ಇದನ್ನೇ.

ಚಿಕ್ಕಪ್ಪನ ಕಲ್ಲು ತಳಭಾಗದಲ್ಲಿ ಇರಲಿಲ್ಲ, ಅಷ್ಟು ಗಟ್ಟಿಯೂ ಅಲ್ಲ. ಶಾಕ್ ಆಯ್ಕೆ ಮಾಡಿಕೊಂಡರು. ಎರಡು ಸಲ ಹೋಗಬೇಕಾಯಿತು, ಎರಡು ದಿನ ಆಟೊ ನಿಂತಿತು. ಈಗ ಸೀಟಿನ ಪಕ್ಕ ದೊಡ್ಡ ನೀರಿನ ಬಾಟಲಿ ಇಟ್ಟಿದ್ದಾರೆ. ಸ್ಟ್ಯಾಂಡ್ ಹತ್ತಿರ ಶೌಚಾಲಯ ಮಾತ್ರ ಇನ್ನೂ ಇಲ್ಲ.