ಕಾವ್ಯದ ಅಳಿವು–ಉಳಿವು: ತ್ರಿಪದಿಯ ನೆಲೆಯಿಂದ ಒಂದು ಪರಿಶೀಲನೆ

ಕಾವ್ಯ ಇಂದು ಜೀವಂತವಾಗಿದೆಯೇ, ಅದಕ್ಕೆ ಪ್ರಸ್ತುತತೆ ಉಂಟೇ ಎಂಬ ಪ್ರಶ್ನೆ ವಿಚಾರಸಂಕಿರಣಗಳಲ್ಲಿ ಮತ್ತೆ ಮತ್ತೆ ಚರ್ಚೆಗೆ ಬರುತ್ತದೆ. ಸಾಮಾನ್ಯವಾಗಿ ಅಚ್ಚಾಗುವ ಸಂಕಲನಗಳು, ಅವುಗಳ ಮಾರಾಟ, ಓದುಗರ ಆಸಕ್ತಿ ಇವುಗಳನ್ನೇ ಆಧಾರವಾಗಿಟ್ಟುಕೊಂಡು ಉತ್ತರ ಹುಡುಕಲಾಗುತ್ತದೆ. ಆದರೆ ಕನ್ನಡ ಕಾವ್ಯದ ಒಂದು ದೊಡ್ಡ ಭಾಗ ಓದುಗರನ್ನಲ್ಲ, ಹಾಡುವವರನ್ನೂ ಕೇಳುವವರನ್ನೂ ನಂಬಿ ಬಂದುದು. ಹೀಗಾಗಿ ಜಾನಪದ ಅಧ್ಯಯನದ ನೆಲೆಯಲ್ಲಿ, ಕಾವ್ಯ ಯಾವುದರಿಂದ ಬದುಕುತ್ತದೆ ಎಂದು ಮೊದಲು ಕೇಳಬೇಕಾಗುತ್ತದೆ. ತ್ರಿಪದಿಯನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು ಇದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸುಮಾರು ಕ್ರಿ.ಶ. 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ತ್ರಿಪದಿ ಕಾಣಿಸಿಕೊಳ್ಳುತ್ತದೆ. ಮುಂದೆ ಸರ್ವಜ್ಞ ಅದನ್ನೇ ತನ್ನ ಮಾಧ್ಯಮವಾಗಿಸಿಕೊಂಡ. ಆದರೆ ಈ ಛಂದಸ್ಸನ್ನು ತಲೆಮಾರುಗಳುದ್ದಕ್ಕೂ ನಿತ್ಯಬಳಕೆಯಲ್ಲಿ ಉಳಿಸಿದವರು ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳು. ಬರಹದಲ್ಲಿ ಮೂರು ಸಾಲಾಗಿ ಕಾಣುವ ಈ ಪದ್ಯ, ಹಾಡುವಾಗ ಎರಡನೆಯ ಸಾಲಿನ ಒಂದು ಭಾಗ ಪುನರಾವರ್ತನೆಗೊಳ್ಳುವುದರಿಂದ ನಾಲ್ಕು ಸಾಲಿನ ಗತಿಯನ್ನು ಪಡೆಯುತ್ತದೆ. ಅಚ್ಚಾದ ಪುಟದಲ್ಲಿ ಈ ಪುನರಾವರ್ತನೆ ಸಾಮಾನ್ಯವಾಗಿ ಕಾಣುವುದಿಲ್ಲ. ಕಲ್ಲಿನ ಸುತ್ತು, ಕೈಯ ಬದಲಾವಣೆ, ಉಸಿರಿನ ನಿಲುಗಡೆ ಇವೆಲ್ಲ ಸೇರಿಯೇ ಅಲ್ಲಿ ಪದ್ಯವಾಗುತ್ತದೆ.

ಹಲಸಂಗಿಯ ಗೆಳೆಯರು ಸಂಗ್ರಹಿಸಿದ 'ಗರತಿಯ ಹಾಡು' 1931ರಲ್ಲಿ ಪ್ರಕಟವಾದಾಗ ಈ ಕಾವ್ಯ ವಿದ್ವಾಂಸರ ಗಮನಕ್ಕೆ ಬಂದಿತು. ಕಾಲಾನಂತರದಲ್ಲಿ ಹಿಟ್ಟಿನ ಗಿರಣಿ ಊರೂರಿಗೆ ಬಂದು ಬೀಸುವ ಕಲ್ಲು ಮೂಲೆ ಸೇರಿತು. ಕಲ್ಲಿಲ್ಲದೆ ಹಾಡಲು ಕೇಳಿಕೊಂಡಾಗ ಹಿರಿಯ ಗಾಯಕಿಯರು ನಡುವೆ ತಡವರಿಸುವುದು, ಕೈಯನ್ನು ಸುಮ್ಮನೆ ತಿರುಗಿಸುತ್ತ ಮರೆತ ಸಾಲನ್ನು ಹಿಡಿಯುವುದು ಕ್ಷೇತ್ರಕಾರ್ಯದಲ್ಲಿ ನಾನು ಕಂಡ ಸಂಗತಿ. ನೆನಪು ಮನಸ್ಸಿನಲ್ಲಿರುವಷ್ಟೇ ತೋಳಿನಲ್ಲಿಯೂ ಇತ್ತು. ಕಲ್ಲು ಮತ್ತೆ ಬರಲಿ ಎಂದು ಹಂಬಲಿಸುವುದು ಸಲ್ಲದು. ನಸುಕಿನಲ್ಲೆದ್ದು ಬೀಸುವ ದುಡಿಮೆ ಕಠಿಣವಾದುದು. ಆದರೆ ತವರಿನ ಹಂಬಲವನ್ನೂ ಅತ್ತೆಮನೆಯ ನೋವನ್ನೂ ಯಾರ ಅಂಕೆಯಿಲ್ಲದೆ ನುಡಿಯಲು ದೊರೆಯುತ್ತಿದ್ದ ಹೊತ್ತು ಸಹ ದುಡಿಮೆಯೊಂದಿಗೆ ಹೋಯಿತೆಂಬುದನ್ನು ಮರೆಯುವಂತಿಲ್ಲ.

ಇದಕ್ಕೆ ಪ್ರತಿಯಾಗಿ ಮಂಟೇಸ್ವಾಮಿ ಕಾವ್ಯವನ್ನು ಹಾಡುವ ನೀಲಗಾರರನ್ನೂ ಮಲೆ ಮಾದೇಶ್ವರನ ಕಥೆ ಹೇಳುವ ದೇವರಗುಡ್ಡರನ್ನೂ ನೋಡಬಹುದು. ಇಲ್ಲಿ ಹಾಡಿನ ಆಧಾರ ದುಡಿಮೆಯಲ್ಲ. ಒಕ್ಕಲು, ಹರಕೆ, ಜಾತ್ರೆ. ಚಿಕ್ಕಲ್ಲೂರು ಜಾತ್ರೆಗೆ ಜನ ಸೇರುವವರೆಗೆ ತಂಬೂರಿಗೆ ಕೇಳುಗರುಂಟು. ಆದರೆ ರಾತ್ರಿಯಿಡೀ ನಡೆಯುವ ಕಥನವನ್ನು ವೇದಿಕೆಯ ಕೆಲವೇ ನಿಮಿಷಗಳಿಗೆ ಇಳಿಸಿದಾಗ ಕುಣಿತ ಉಳಿದು ಕಥೆ ಸೊರಗುತ್ತದೆ. ಮೌಖಿಕ ಗಾಯಕ ಕಾವ್ಯವನ್ನು ಕಂಠಪಾಠದಿಂದ ಒಪ್ಪಿಸುವುದಿಲ್ಲ, ಹಾಡುತ್ತಲೇ ಕಟ್ಟುತ್ತಾನೆ ಎಂದು ಆಲ್ಬರ್ಟ್ ಲಾರ್ಡ್ 1960ರ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ಕಟ್ಟುವುದಕ್ಕೆ ಬಿಡುವೇ ಇಲ್ಲದಲ್ಲಿ ಗಾಯಕ ಒಪ್ಪಿಸುವವನಾಗುತ್ತಾನೆ.

ಹಳೆಯ ಸಂದರ್ಭಗಳು ಅಳಿಯುವಂತೆಯೇ ಹೊಸವು ಹುಟ್ಟುವುದೂ ಉಂಟು. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಗೀಗೀ ಮೇಳಗಳು ರಾಷ್ಟ್ರೀಯ ವಸ್ತುವನ್ನು ಹಾಡಿದವು. 1975ರಲ್ಲಿ ಪ್ರಕಟವಾದ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಸಂಕಲನದ ಕವಿತೆಗಳು ದಲಿತ ಚಳವಳಿಯ ಸಭೆ, ಮೆರವಣಿಗೆಗಳಲ್ಲಿ ಹಾಡಾದವು. 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರ ತತ್ವಪದಗಳು ಭಜನಾಮೇಳಗಳಿಂದ ಧ್ವನಿಸುರುಳಿಗೂ, ಅಲ್ಲಿಂದ ಮೊಬೈಲಿಗೂ ಬಂದಿವೆ. ಈ ಯಾವುದರಲ್ಲಿಯೂ ಕಾವ್ಯ ಪುಸ್ತಕದ ಓದಿಗಾಗಿ ಕಾಯಲಿಲ್ಲ.

ಒಟ್ಟಾರೆಯಾಗಿ ಹೇಳುವುದಾದರೆ, ಕಾವ್ಯ ಬದುಕುವುದು ತನ್ನನ್ನು ಬೇಡುವ ಸಂದರ್ಭದಿಂದ. ಈ ಮಾತು ಸಂಗ್ರಾಹಕರಾದ ನಮ್ಮನ್ನೂ ಪ್ರಶ್ನಿಸುತ್ತದೆ. ಹಾಲಕ್ಕಿ ಹಾಡುಗಳ ಭಂಡಾರವಾಗಿದ್ದ, 2017ರಲ್ಲಿ ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡ ಅವರು 2025ರಲ್ಲಿ ನಿಧನರಾದರು. ಇಂಥವರ ಹಾಡಿನ ಪದಗಳನ್ನಷ್ಟೇ ಬರೆದುಕೊಂಡರೆ ಅರ್ಧ ಕೆಲಸ ಮಾಡಿದಂತೆ. ಯಾವ ಹೊತ್ತಿನಲ್ಲಿ, ಯಾವ ಕೆಲಸದೊಂದಿಗೆ, ಯಾರ ಎದುರು ಹಾಡಿದರು, ಎಲ್ಲಿ ನಿಲ್ಲಿಸಿದರು, ಯಾವುದನ್ನು ಹಾಡಲು ಒಪ್ಪಲಿಲ್ಲ ಎಂಬುದೂ ದಾಖಲಾಗಬೇಕು. ಆಗ ಮಾತ್ರ ಮುಂದಿನವರು ಅವುಗಳಿಗೆ ತಮ್ಮದೇ ಆದ ಹೊಸ ಸಂದರ್ಭವನ್ನು ಕಂಡುಕೊಳ್ಳುವುದು ಸಾಧ್ಯವಾದೀತು.